ಚನ್ನವೀರಪ್ಪನವರ ಫ್ಯಾಮಿಲಿ

ದಿನಕ್ಕೆ ಹತ್ತು ಸಲ ನಾವು ಆಡುವ ಒಂದು ಇಂಗ್ಲಿಷ್ ಪದ... ಒಂದು ಮನೆಯನ್ನೇ ಒಡೆಯುವುದರಲ್ಲಿತ್ತು. ಸಮಾಧಾನವಾಗಿ ಓದಿ.

ಗದಗಿನ ಚನ್ನವೀರಪ್ಪನವರು ನಿವೃತ್ತ ಬಸ್ ಕಂಡಕ್ಟರ್. ಹೆಂಡತಿ ತೀರಿಕೊಂಡಿದ್ದರು. ಆಮೇಲೆ ಒಬ್ಬನೇ ಮಗನೂ ಹೋದ...

ಮನೆಯಲ್ಲಿ ಉಳಿದವರು ಅವರು, ಸೊಸೆ ಕಸ್ತೂರಿ. ಅಷ್ಟೇ.

ತವರಿಗೆ ಬಂದುಬಿಡು ಎಂದು ಅಣ್ಣ ಎಷ್ಟು ಕರೆದರೂ ಅವಳು ಹೋಗಿರಲಿಲ್ಲ. ಮಾವನ ಊಟ, ಮಾತ್ರೆ ನೋಡುವವರು ಯಾರು?

ಒಂದು ದಿನ ಮಾವನಿಗೆ ಎದೆನೋವು ಬಂತು. ಕಸ್ತೂರಿ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಮರುದಿನ ಬೆಳಿಗ್ಗೆಯೇ ಆಪರೇಷನ್ ಎಂದರು ಡಾಕ್ಟರು.

ಅವಳು ಔಷಧಿ ತಗೊಂಡು ವಾರ್ಡಿಗೆ ಬಂದಾಗ, ಪರದೆಯ ಆಚೆ ನರ್ಸ್ ಕೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಅಜ್ಜಾ, ನಿಮ್ಮ ಫ್ಯಾಮಿಲಿ ಎಲ್ಲಿದ್ದಾರೆ?"

"ಇಲ್ರೀ ಸಿಸ್ಟರ್... ನನಗ ಫ್ಯಾಮಿಲಿ ಇಲ್ಲ."

ಕಸ್ತೂರಿ ನಿಂತಲ್ಲೇ ನಿಂತಳು.

ತನಗೆ ಟೈಫಾಯ್ಡ್ ಆದಾಗ ಗಂಜಿ ಕಾಯಿಸಿ ಕುಡಿಸಿದ ಮಾವ ಇವರೇನಾ? ಹಾಗಾದರೆ ಇಷ್ಟು ದಿನ ತಾನು ಆ ಮನೆಯಲ್ಲಿ ಯಾರು? ಸಿಟ್ಟು ಮಾಡಿಕೊಳ್ಳಬೇಕೋ, ಅಳಬೇಕೋ... ಒಂದೂ ತಿಳಿಯಲಿಲ್ಲ.

ಔಷಧಿಯನ್ನು ನರ್ಸ್ ಕೈಗೆ ಕೊಟ್ಟು ಹೊರಗೆ ಬಂದಳು. ಯಾರೋ ಪಕ್ಕದ ಮನೆಯವರಿರಬೇಕು ಎಂದುಕೊಂಡಳು ನರ್ಸ್.

ಕಸ್ತೂರಿ ಅಣ್ಣನಿಗೆ ಫೋನ್ ಮಾಡಿದಳು. "ನಾಳೆ ಆಪರೇಷನ್ ಮುಗಿದ ಮ್ಯಾಲ ಬಂದು ನನ್ನ ಕರ್ಕೊಂಡು ಹೋಗಣ್ಣ."

ಬೆಳಿಗ್ಗೆ ಸ್ಟ್ರೆಚರ್ ಬಂತು. ಅಜ್ಜ ಮಾತ್ರ ಹತ್ತಲು ತಯಾರಿಲ್ಲ. ಮೊದಲು ಕಸ್ತೂರಿಯನ್ನು ಕರೆಯಿರಿ ಎಂದು ಹಟ ಹಿಡಿದರು.

ನರ್ಸ್‌ಗೆ ಗೊಂದಲ. ಫ್ಯಾಮಿಲಿ ಇಲ್ಲ ಅಂದಿರಲ್ಲ, ಈ ಕಸ್ತೂರಿ ಯಾರು ಎಂದು ಕೇಳಿದಳು.

ಈಗ ಅಜ್ಜನಿಗೂ ಗೊಂದಲ...

"ಫ್ಯಾಮಿಲಿ ಅಂದ್ರ ಹೆಂಡ್ತಿ ಅಲ್ಲೇನ್ರೀ? ನಮ್ಮ ಬಸ್ಸಿನ್ಯಾಗ ಎಲ್ಲಾರೂ ಹಂಗ ಅಂತಿದ್ರು. ಆಕಿ ತೀರಿಹೋಗ್ಯಾಳ, ಅದಕ್ಕ ಇಲ್ಲ ಅಂದೆ."

ಸ್ವಲ್ಪ ಸುಧಾರಿಸಿಕೊಂಡು ಹೇಳಿದರು...

"ಕಸ್ತೂರಿ ನನ್ನ ಮಗಳ್ರೀ. ಆಕಿ ಮಾರಿ ನೋಡದ ನಾ ಒಳಗ ಹೋಗಂಗಿಲ್ಲ."

ನಿನ್ನೆ ಔಷಧಿ ತಂದುಕೊಟ್ಟವಳೇ ಇರಬೇಕು ಎಂದು ನರ್ಸ್ ಹೊರಗೆ ಓಡಿದಳು. ರಾತ್ರಿಯಿಡೀ ಬೆಂಚಿನ ಮೇಲೇ ಕುಳಿತಿದ್ದ ಕಸ್ತೂರಿಗೆ ಎಲ್ಲವನ್ನೂ ಹೇಳಿದಳು.

ಕಸ್ತೂರಿ ಒಳಗೆ ಬಂದು ಮಾವನ ಕೈ ಹಿಡಿದುಕೊಂಡಳು. ಕಣ್ಣು ಯಾಕೆ ಕೆಂಪಾಗಿದೆ ಎಂದು ಅವರು ಕೇಳಿದರು. ನಿದ್ದೆ ಇಲ್ಲ ಎಂದಳು... ಕಣ್ಣೀರು ಮಾತ್ರ ನಿಲ್ಲಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು.

ಸಂಜೆ ಅಣ್ಣ ಕಾರು ತಗೊಂಡು ಬಂದ. ಕಸ್ತೂರಿ ಅವನಿಗೆ ಕ್ಯಾಂಟೀನಿನಲ್ಲಿ ಚಹಾ ಕುಡಿಸಿ, ಒಬ್ಬನನ್ನೇ ಊರಿಗೆ ಕಳಿಸಿದಳು.

🙏

ಅವರು ಆಡಿದ ಮಾತಿನ ಅರ್ಥವೇ ಬೇರೆ, ನಮ್ಮ ಮನಸ್ಸಿಗೆ ತಾಗಿದ ಅರ್ಥವೇ ಬೇರೆ ಇರಬಹುದು.

ಯಾರದೋ ಒಂದು ಮಾತಿಗೆ ನೊಂದು ನೀವೂ ದೂರ ಕುಳಿತಿದ್ದೀರಾ... ಹಾಗೆಂದರೆ ಏನು ಎಂದು ಅವರನ್ನೇ ಒಮ್ಮೆ ಕೇಳಿ ನೋಡಿದ್ದೀರಾ?