ಬೆನ್ನಿಗೆ ಹೊಲಿದ ಜೇಬು

"ಬೇಕು ಅಂದ್ರೆ ಈಗಲೇ ಹೇಳ್ಬಿಡಿ," ಎಂದಳು ನರ್ಸ್. "ಅರಿವಳಿಕೆ ಡಾಕ್ಟರು ಆಪರೇಷನ್ನಿಗೆ ಅಂತ ಒಳಗೆ ಹೋದ್ರೆ ಆಮೇಲೆ ಯಾವಾಗ ಬರ್ತಾರೋ ಹೇಳಕ್ಕಾಗಲ್ಲ. ಬೆನ್ನಿಗೊಂದು ಇಂಜೆಕ್ಷನ್, ಒಂದು ಸಣ್ಣ ನಳಿಕೆ, ಅಷ್ಟೇ. ನೋವು ಇಳಿಯುತ್ತೆ, ಎಚ್ಚರ ಇರುತ್ತೆ, ಮಗೂನ ನೀವೇ ಹೆರ್ತೀರಿ. ಏನ್ ಮಾಡೋಣ?"

ಮಂಚದ ಮೇಲೆ ಪಕ್ಕಕ್ಕೆ ಹೊರಳಿ ಕಂಬಿ ಹಿಡಿದಿದ್ದ ಮಗಳು ನರ್ಸ್ ಮುಖ ನೋಡಲಿಲ್ಲ. ಅಮ್ಮನ ಮುಖ ನೋಡಿದಳು. ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹುಟ್ಟಲಿರುವ ಮಗುವಿನ ಅಂಗಿಗೆ ಅಂಚು ಹೊಲಿಯುತ್ತಿದ್ದಳು. ಹೆರಿಗೆ ಕೋಣೆಯೊಳಗೆ ಜೊತೆಗಿರಲು ಮನೆಯವರೊಬ್ಬರಿಗಷ್ಟೇ ಜಾಗ. ಬೆಳಿಗ್ಗೆ ಹೆಂಡತಿಯ ಕೈಗೆ ಸೂಜಿ ಚುಚ್ಚಿದ್ದನ್ನು ನೋಡಿಯೇ ಅಳಿಯ ತಲೆ ತಿರುಗಿ ಗೋಡೆ ಹಿಡಿದಿದ್ದರಿಂದ ಆ ಜಾಗ ಅತ್ತೆಯ ಪಾಲಿಗೆ ಬಂದಿತ್ತು.

"ಒಂದ್ನಿಮಿಷ," ಎಂದಳು ಮಗಳು. ಅಷ್ಟರಲ್ಲಿ ಸೊಂಟದ ಹಿಂದೆಲ್ಲೋ ಹುಟ್ಟಿದ ನೋವು ಹೊಟ್ಟೆಯನ್ನು ಸುತ್ತಿಕೊಂಡು ಬಿಗಿಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಉಸಿರಾಟವೆಲ್ಲ ಎಲ್ಲಿ ಹೋಯಿತೋ. ಹಲ್ಲು ಕಚ್ಚಿದಳು. ಕೂಗಬಾರದು, ಅಮ್ಮನ ಎದುರಿಗಂತೂ ಕೂಗಬಾರದು.

ಅವಳು ಹುಟ್ಟಿದ ದಿನದ ಕಥೆ ಮನೆಯವರಿಗೆಲ್ಲ ಬಾಯಿಪಾಠ. ಯಾರೇ ನೆಂಟರು ಬರಲಿ, ಅಪ್ಪ ಶುರು ಮಾಡುತ್ತಿದ್ದ. "ಇವಳಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದಾಳೆ. ನೋವು ಬಂದಿದೆ ಅಂತ ಯಾರಿಗೂ ಗೊತ್ತೇ ಇಲ್ಲ! ಗಿರಾಕಿ ಶರ್ಟು ಮುಗಿಸಿ, ದಾರ ಕತ್ತರಿಸಿ, ಎದ್ದು ಹೋಗಿ ಹೆತ್ಳು. ಕಮಕ್ ಕಿಮಕ್ ಅನ್ನಲಿಲ್ಲ ಮಹಾತಾಯಿ." ಅಷ್ಟು ಹೊತ್ತಿಗೆ ಅಮ್ಮ ಲೋಟ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋಗಿರುತ್ತಿದ್ದಳು. ಶರ್ಟು ಮುಗಿಸಿ ಎದ್ದ ಅಂಥ ಅಮ್ಮನಿಗೆ ತಾನೊಬ್ಬಳು ಹೆದರುಪುಕ್ಕಲಿ ಮಗಳು ಎಂದು ಇವಳಿಗೆ ಚಿಕ್ಕಂದಿನಿಂದಲೂ ಅನ್ನಿಸುತ್ತಿತ್ತು.

ನೋವು ಸಡಿಲವಾಯಿತು. "ಅಮ್ಮ, ನಾನು ಹಾಕಿಸ್ಕೊಂಡ್ರೆ ನೀನು ಏನಂದ್ಕೋತೀಯ?"

"ನಾನ್ಯಾಕೆ ಏನಾದ್ರೂ ಅಂದ್ಕೋಬೇಕು?"

"ನೀನು ಶರ್ಟ್ ಮುಗಿಸಿ ಎದ್ದೋಳು. ನನ್ ಕೈಲಿ ಇಷ್ಟಕ್ಕೇ ತಡೆಯಕ್ಕಾಗ್ತಿಲ್ಲ."

ಅಮ್ಮ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡಳು. "ಆ ಕಥೆ ಹೇಳೋದು ನಿಮ್ಮಪ್ಪ. ನನ್ ಬಾಯಿಂದ ಯಾವತ್ತಾದ್ರೂ ಕೇಳಿದೀಯಾ?"

ಮಗಳು ಯೋಚಿಸಿದಳು. ಕೇಳಿರಲಿಲ್ಲ.

"ಶರ್ಟ್ ಮುಗಿಸಿದ್ದೇನೋ ನಿಜ," ಎಂದಳು ಅಮ್ಮ. "ನಿನ್ನ ಎತ್ಕೊಂಡು ಮನೆಗೆ ಬಂದು ನೋಡ್ತೀನಿ, ಜೇಬನ್ನ ಬೆನ್ನಿಗೆ ಹೊಲಿದಿದೀನಿ."

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಬೆನ್ನಿಗಾ?" ಎಂದಳು ಮಗಳು.

"ಬೆನ್ನಿಗೆ. ಸರಿಯಾಗಿ ಮಧ್ಯಕ್ಕೆ. ಡಬಲ್ ಹೊಲಿಗೆ ಬೇರೆ! ಕಣ್ಣಿಗೆ ಬಟ್ಟೆ ಕಾಣ್ತಿದ್ರೆ ತಾನೇ? ಕೂಗೋಣ ಅಂದ್ರೆ ಮುಂದಿನ ಕೋಣೇಲಿ ನಿಮ್ಮ ತಾತನ ಜೊತೆ ಯಾರ್‍ಯಾರೋ ಕೂತಿದ್ರು. ಯಂತ್ರದ ಸದ್ದಲ್ಲಿ ನನ್ ಸದ್ದು ಕೇಳ್ಸಲ್ಲ ಅಂತ ತುಳಿದೆ, ತುಳಿದೆ, ತುಳಿದೆ. ಅದನ್ನ ನಿಮ್ಮಪ್ಪ ಧೈರ್ಯ ಅಂದ್ಕೊಂಡ."

ಮಗಳಿಗೆ ನಗು ಉಕ್ಕಿತು. ನಗುವಿನ ನಡುವೆಯೇ ಇನ್ನೊಂದು ನೋವು ಬಂತು. ಈ ಸಲ ಅವಳು ಹಲ್ಲು ಕಚ್ಚಲಿಲ್ಲ. ಹೊರಗಿದ್ದ ಗಂಡ ಬಾಗಿಲಿನ ಗಾಜಿಗೆ ಮೂಗು ಒತ್ತಿ ಇಣುಕುವಷ್ಟು ಜೋರಾಗಿ ಕೂಗಿದಳು. ಕೂಗಿ ಮುಗಿದ ಮೇಲೆ ಯಾರ ಮುಖವನ್ನೂ ನೋಡದೆ ನರ್ಸಿಗೆ, "ಡಾಕ್ಟರನ್ನ ಕರೀರಿ," ಎಂದಳು.

ಡಾಕ್ಟರು ಬಂದು ಅವಳನ್ನು ಮಂಚದ ಅಂಚಿಗೆ ಕೂರಿಸಿ, "ಬೆನ್ನು ಬಿಲ್ಲಿನ ಹಾಗೆ ಬಾಗಲಿ, ಅಲ್ಲಾಡ್ಬೇಡಿ," ಎಂದರು. ಅಮ್ಮ ಎದುರಿಗೆ ನಿಂತು ಭುಜ ಹಿಡಿದಳು. ಮಗಳು ಅವಳ ಎದೆಗೆ ಹಣೆ ಒತ್ತಿದಳು. ಸೀರೆಯಿಂದ ಯಂತ್ರದ ಎಣ್ಣೆಯ ಅದೇ ಹಳೆಯ ವಾಸನೆ. ಬೆನ್ನಿಗೆ ತಣ್ಣಗೆ ಏನೋ ಸವರಿದರು, ಒಮ್ಮೆ ಚುಚ್ಚಿತು, ಆಮೇಲೆ ಬರೀ ಒತ್ತಿದಂತಾಯಿತು. ಸೂಜಿಯೊಂದಿಗೇ ಬಾಳಿದ ಅಮ್ಮ ಆ ಸೂಜಿ ಆಚೆ ಬರುವ ತನಕ ಉಸಿರಾಡಲಿಲ್ಲ.

ಸ್ವಲ್ಪ ಹೊತ್ತಿಗೆ ನೋವು ದೂರ ಸರಿಯತೊಡಗಿತು, ಪಕ್ಕದ ಬೀದಿಯಲ್ಲಿ ಯಾರೋ ಜಗಳವಾಡುತ್ತಾ ಹೋದ ಹಾಗೆ. ಕಾಲು ಭಾರವಾದವು. ಹೊಟ್ಟೆ ಬಿಗಿಯುವುದು ಗೊತ್ತಾಗುತ್ತಿತ್ತು, ಅಷ್ಟೇ. ಮಗಳು ಹಾಗೇ ಜೋಂಪು ಹತ್ತಿ ಮಲಗಿದಳು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹಳದಿಯಾಗಿತ್ತು. ಅಮ್ಮನ ಕುರ್ಚಿ ಕಿಟಕಿಯ ಬಳಿ ಇರಲಿಲ್ಲ. ಮಂಚದ ಪಕ್ಕದ ಮಾನಿಟರ್ ಪರದೆಯ ಮುಂದಿತ್ತು. ಈ ಗೆರೆ ಮೇಲೇರಿತು ಅಂದ್ರೆ ನೋವು ಬಂತು ಅಂತ ಲೆಕ್ಕ ಎಂದು ನರ್ಸ್ ತೋರಿಸಿಕೊಟ್ಟಿದ್ದಳಂತೆ. ಈಗ ಅದು ಗುಡ್ಡದಂತೆ ಏರುತ್ತಿತ್ತು. ಅಂಗಿ ನೆಲಕ್ಕೆ ಬಿದ್ದಿತ್ತು. ಅಮ್ಮನ ಎರಡೂ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು, ಗೆಣ್ಣುಗಳು ಬಿಳಿಚಿದ್ದವು. ಬರಿಯ ನೆಲದ ಮೇಲೆ ಅವಳ ಪಾದ ಒಂದೇ ಸಮನೆ ತುಳಿಯುತ್ತಿತ್ತು.

"ಅಮ್ಮ," ಎಂದಳು ಮಗಳು, "ನಂಗೀಗ ನೋಯ್ತಿಲ್ಲ."

ಅಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ.

"ಸುಮ್ನಿರು," ಎಂದಳು. "ಇದಿನ್ನೂ ಇಳಿದಿಲ್ಲ."