ಮೂಡಲಗಿಯ ಚೇಂಬರ್

ಆಮ್ರಪಾಲಿ ಚಹಾ ತರಲು ಒಳಗೆ ಹೋದದ್ದೇ ತಡ, ಸೋಮಶೇಖರರು ಕಳ್ಳತನಕ್ಕೆ ಕೈಹಾಕಿದರು. ಕಳ್ಳತನವೆಂಬುದು ನಮ್ಮ ಮಾತು. ಅವರ ಮನಸ್ಸಿನಲ್ಲಿ ಅದಕ್ಕೆ ಅಧ್ಯಯನವೆಂಬ ಹೆಸರಿತ್ತು. ಬಿಳಿ ಅಂಗಿಗೆ ಎಣ್ಣೆ ತಾಗದಂತೆ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಗ್ಯಾರೇಜಿನ ಮೇಜಿನ ಮೇಲಿದ್ದ ಕಬ್ಬಿಣದ ತಟ್ಟೆಯ ಚಿತ್ರಗಳನ್ನು ಮೇಲಿನಿಂದ, ಪಕ್ಕದಿಂದ, ಬೆಸುಗೆ ಬೆಸುಗೆಯೂ ಕಾಣುವಂತೆ ಮೊಬೈಲಿಗಿಳಿಸಿದರು.

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಈ ತಟ್ಟೆಗೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಸಂತೆಗೆ ಹೋಗಿಬರುವ ಕಾರಿಗೆ ಅದರ ಚಿಂತೆಯಿಲ್ಲ. ರೇಸಿನ ಕಾರಿನ ಹಣೆಬರಹ ಬೇರೆ. ಉದ್ದನೆಯ ತಿರುವಿನಲ್ಲಿ ಅದು ಧಾವಿಸುವಾಗ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಸರಿದು, ಹೀರುವ ಕೊಳವೆಗೆ ಬರಿಯ ಗಾಳಿ ಸಿಗುತ್ತದೆ. ಒಣಗಿದ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಅದನ್ನು ತಪ್ಪಿಸಲೆಂದೇ ಚೇಂಬರಿನೊಳಗೆ ತಗಡಿನ ಅಡ್ಡಗೋಡೆ, ಗೋಡೆಗೆ ಒಂದೇ ಕಡೆ ತೆರೆಯುವ ಪುಟ್ಟ ಬಾಗಿಲುಗಳು. ಎಣ್ಣೆ ಕೊಳವೆಯ ಬಳಿ ಬರಬಹುದು, ಬಿಟ್ಟು ಹೋಗಬಾರದು.

ಹೋದ ವರ್ಷ ಹತ್ತರಗಿಯ ಬಯಲಿನ ರೇಸಿನಲ್ಲಿ ಸೋಮಶೇಖರರ ಎಂಜಿನ್ ಹೀಗೆಯೇ ಕಚ್ಚಿಕೊಂಡಿತ್ತು. ಮೂರು ತಾಲೂಕುಗಳ ಮೋಟಾರು ಕ್ರೀಡಾ ಸಂಘದ ಅಧ್ಯಕ್ಷರಾದ ಅವರ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ಯುವಾಗ ಹುಕ್ಕೇರಿಯ ಜನ ಚಪ್ಪಾಳೆ ತಟ್ಟಿದ್ದರು. ಗೆದ್ದವಳು ಮೂಡಲಗಿಯಲ್ಲಿ ಗ್ಯಾರೇಜು ನಡೆಸುವ ಈ ಆಮ್ರಪಾಲಿ. ಅಧ್ಯಕ್ಷರು ಅಲ್ಲಿಯೇ ಮೈಕು ಹಿಡಿದು ಶಪಥಗೈದರು: ಮುಂದಿನ ವರ್ಷವೂ ತಮ್ಮ ಎಂಜಿನ್ ಹೀಗೆ ನಿಂತರೆ ಅಧ್ಯಕ್ಷರ ಕುರ್ಚಿ ಆಮ್ರಪಾಲಿಗೆ. ಯಾರೂ ಕೇಳಿರಲಿಲ್ಲ. ಯಾರೂ ಕೇಳದೆ ಶಪಥ ಮಾಡುವುದು ದೊಡ್ಡವರ ಲಕ್ಷಣ.

ಆಮ್ರಪಾಲಿ ಚಹಾ ತಂದಳು.

"ಅದನ್ನೇನ್ ನೋಡಾಕತ್ತೀರಿ ಕಾಕಾ? ಕೆಲಸ ಕಲಿಯಾಕ ಬಂದವರಿಗೆ ತೋರಿಸಾಕ ಇಟ್ಟೇನಿ."

"ನಾ ಏನ್ ನೋಡ್ಲಿ ತಂಗಿ? ಕಬ್ಬಿಣ ಎಲ್ಲಾ ಊರಾಗೂ ಕಬ್ಬಿಣನ."

"ಅದೊಂದು ತೋರಿಸಿದ್ರ ಸಾಕ್ರಿ, ಅವರಿಗೆ ಎಲ್ಲಾ ತಿಳೀತೈತಿ. ನಾ ಬಾಯಿ ತೆರೆಯೋದ ಬ್ಯಾಡ."

ಗೆಲುವಿನ ಗುಟ್ಟನ್ನು ಹೀಗೆ ಮೇಜಿನ ಮೇಲೆ ಹರವಿಡುವ ಭೋಳೆತನಕ್ಕೆ ಸೋಮಶೇಖರರು ಮನಸ್ಸಿನಲ್ಲಿಯೇ ಮರುಗಿದರು. ಸಕ್ಕರೆ ಕಡಿಮೆಯಾಯಿತೆಂದು ಹೇಳಿ, ಚಹಾವನ್ನು ಪೂರ್ತಿ ಕುಡಿದು, ತಮ್ಮೂರಾದ ಗೋಕಾಕಕ್ಕೆ ಹೊರಟರು.

ಅಧ್ಯಕ್ಷರ ಕೆಲಸದ ಪದ್ಧತಿ ಸರಳವಾದುದು. ಅವರು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವರು. ಮೇಸ್ತ್ರಿ ಭೀಮೇಶ ಕಾರಿನಡಿ ಮಲಗಿ ಪಾಲಿಸುವನು. ಹೋದ ವರ್ಷ ಅಮೆರಿಕದ ಯಾವುದೋ ರೇಸಿನವರು ಚೇಂಬರ್ ಬೆಸೆಯುವ ವಿಡಿಯೋ ತೋರಿಸಿ "ಹಿಂಗ ಮಾಡು" ಎಂದಿದ್ದರು. ಮಾಡಿದ್ದನ್ನು ಬಗ್ಗಿ ನೋಡಿರಲಿಲ್ಲ. ಬಗ್ಗುವುದು ಅವರ ಜಾಯಮಾನವಲ್ಲ. ಎಂಜಿನ್ ಕೆಟ್ಟ ಮೇಲೆ "ಅದರ ಮಾರಿ ನನಗ ತೋರಿಸಬ್ಯಾಡ" ಎಂದು ಹೊಸ ಎಂಜಿನ್ ತರಿಸಿದ್ದರು.

ಈಗ ಮೊಬೈಲಿನ ಚಿತ್ರವನ್ನು ಭೀಮೇಶ ಬಹಳ ಹೊತ್ತು ದಿಟ್ಟಿಸಿದ.

"ಬೆಸುಗಿ ಭಾಳ ಛಂದ ಐತ್ರಿ ಸಾವ್ಕಾರ್ರ. ಆದ್ರ ಈ ಕೆಲಸ ನನಗ ಗುರ್ತ ಸಿಕ್ಕಂಗ..."

"ಸಿಗಬೇಕ. ಮೂಡಲಗಿಯವರು ನಮ್ಮನ್ನ ನೋಡೇ ಕಲ್ತಾರ. ಒಂದ ಎಳಿ ಫರಕ ಬರಬಾರದು."

"ಒಂದ ಮಾತ ಹೇಳೂದಿತ್ರಿ."

"ನಿನ್ನ ಮಾತಾಡಾಕ ಇಟ್ಕೊಂಡಿಲ್ಲ, ಬೆಸಿಯಾಕ ಇಟ್ಕೊಂಡೇನಿ."

ಭೀಮೇಶ ಬೆಸೆದ. ಒಂದೆಳೆಯೂ ಫರಕು ಬರಲಿಲ್ಲ.

ರೇಸಿನ ದಿನ ಹತ್ತರಗಿಯ ಬಯಲು ಕಿಕ್ಕಿರಿದಿತ್ತು. ಹೆದ್ದಾರಿಯ ಲಾರಿಗಳು ಕೂಡ ನಿಂತು ನೋಡುತ್ತಿದ್ದವು. ಬಯಲಿನ ನಡುವೆ ಬಸವಣ್ಣನ ಕಟ್ಟೆ. ಓಟದ ದಾರಿ ಅದರ ಸುತ್ತ. ಬಸವಣ್ಣನನ್ನು ಎಡಕ್ಕಿಟ್ಟು ಸುತ್ತುವುದು ಅಪಚಾರ, ರೇಸೂ ಪ್ರದಕ್ಷಿಣೆಯಂತೆ ಬಲಕ್ಕೇ ತಿರುಗತಕ್ಕದ್ದು ಎಂದು ಸಂಘ ಹುಟ್ಟಿದಾಗಲೇ ನಿಯಮ ಮಾಡಿದವರು ಅಧ್ಯಕ್ಷರು. ಅಂದಿನಿಂದ ಹತ್ತರಗಿಯಲ್ಲಿ ಎಡಕ್ಕೆ ತಿರುಗಿದ ರೇಸಿನ ಕಾರಿಲ್ಲ.

ಬಾವುಟ ಹಾರಿತು. ಸೋಮಶೇಖರರು ಎಲ್ಲರಿಗಿಂತ ಮುಂದೆ ನುಗ್ಗಿದರು. ಹಿಂದೆ ನೋಡುವ ಕನ್ನಡಿಯಲ್ಲಿ ಆಮ್ರಪಾಲಿಯ ಕಾರು ಚಿಕ್ಕದಾಗುತ್ತ ಹೋಯಿತು. ಅವರು ವಿಜಯಭಾಷಣದ ಪೀಠಿಕೆಯನ್ನು ಮನಸ್ಸಿನಲ್ಲಿ ರಚಿಸಿ ಮುಗಿಸಿದ್ದರು. ಸೋತವರಿಗೆ ಸಾಂತ್ವನ ಹೇಳುವ ಭಾಗವನ್ನು ತಿದ್ದುತ್ತಿದ್ದಾಗ ಕಟ್ಟೆಯ ಹಿಂದಿನ ಉದ್ದ ತಿರುವು ಬಂತು. ಎಣ್ಣೆಯ ಕೆಂಪು ದೀಪ ಹೊತ್ತಿತು. ಬಾನೆಟ್ಟಿನೊಳಗೆ ಯಾರೋ ಕಲ್ಲು ಕುಟ್ಟಿದಂತಾಯಿತು. ಆಮೇಲೆ ನಿಶ್ಶಬ್ದ. ಆಮ್ರಪಾಲಿಯ ಕಾರು ಪಕ್ಕದಿಂದ ಹಾದುಹೋಯಿತು.

ಈ ಸಲವೂ ಟ್ರ್ಯಾಕ್ಟರೇ ಬಂತು. ಹುಕ್ಕೇರಿಯ ಜನ ಚಪ್ಪಾಳೆಯ ಜೊತೆಗೆ ಸೀಟಿಯನ್ನೂ ಸೇರಿಸಿದರು.

ಕಾರನ್ನು ಎತ್ತಿ ನಿಲ್ಲಿಸಿ ಭೀಮೇಶ ಚೇಂಬರ್ ಬಿಚ್ಚಿದ. ಕುರ್ಚಿ ಕಳೆದುಕೊಂಡ ಸೋಮಶೇಖರರು ಅಂದು ಮೊದಲ ಬಾರಿಗೆ ಬಗ್ಗಿ ನೋಡಿದರು. ಗೆದ್ದು ಬಂದ ಆಮ್ರಪಾಲಿಯೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ತಗಡಿನ ಬಾಗಿಲನ್ನು ಬೆರಳಿನಿಂದ ತಳ್ಳಿದಳು.

"ಬಾಗಲಾ ಉಲ್ಟಾ ಅದಾವಲ್ರಿ ಕಾಕಾ. ಎಡಕ್ಕ ತಿರುಗೋ ಅಮೆರಿಕದ ರೇಸಿನವರಿಗೆ ಇವು ಬರೋಬರಿ. ನಮ್ಮ ಕಾರು ಬಲಕ್ಕ ತಿರುಗಿದ್ರ ಎಣ್ಣಿ ತಾನ ಬಾಗಲಾ ತಗದ್ಕೊಂಡು ಹೊರಗ ನಡೀತೈತಿ."

ಸೋಮಶೇಖರರ ನೆತ್ತಿಗೇರಿದ ಸಿಟ್ಟು ವಿವೇಕಕ್ಕಿಂತ ಮೊದಲು ಬಾಯಿಗೆ ಬಂತು.

"ನಿನ್ನ ಗ್ಯಾರೇಜಿನ್ಯಾಗ ಇದ್ದದ್ದೂ ಹಿಂಗ ಐತಿ. ಅಳತಿ ತಪ್ಪಿಲ್ಲ, ಎಳಿ ತಪ್ಪಿಲ್ಲ. ಮತ್ತ ನೀ ಹೆಂಗ ಗೆದ್ದಿ?"

ಭೀಮೇಶ ನಟ್ಟು ಬಿಚ್ಚುವ ಪಾನಾ ಹುಡುಕುವವನಂತೆ ಆಚೆ ಮುಖ ತಿರುಗಿಸಿದ. ಆಮ್ರಪಾಲಿ ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಂಡಳು.

"ಅದು ನನ್ನ ಕಾರಿಂದು ಅಲ್ರಿ ಕಾಕಾ. ಹಿಂಗ ಮಾಡಬಾರದು ಅಂತ ಹುಡುಗರಿಗೆ ತೋರಿಸಾಕ ಗುಜರಿಯಿಂದ ತಂದೇನಿ. ಹ್ವಾದ ವರ್ಷ ಕೆಟ್ಟಿತ್ತಲ್ರಿ, ನಿಮ್ಮ ಎಂಜಿನ್ನು, ಅದರದು."