ಕಣ ಹೊರಟ ದಿನ

ಕ್ಯಾನ್ಸರ್ ಕಣ ಗಡ್ಡೆಯನ್ನು ಬಿಟ್ಟು ಹೊರಟ ದಿನವನ್ನು ಅದರ ವಂಶವಾಹಿಯೇ ಹೇಳಿಬಿಡುವ ಕಾಲವದು. ರೋಗ ಮರುಕಳಿಸಿದ ಮಕ್ಕಳ ತಾಯಂದಿರು ಹುಬ್ಬಳ್ಳಿಯ ಲ್ಯಾಬಿನ ಕಿಟಕಿಯ ಮುಂದೆ, ಬಸ್ಸಿನ ವೇಳೆ ಕೇಳುವವರಂತೆ ಸಾಲಾಗಿ ನಿಂತಿದ್ದರು.

“ಹೋದ ಶ್ರಾವಣದಾಗ ಹೊಂಟೈತೇನ್ರಿ?” ಎಂದು, ಮಗಳನ್ನು ಬೆಂಚಿನ ಮೇಲೆ ಕೂರಿಸಿ ಬಂದಿದ್ದ ಜಯಶೀಲೆ ಕೇಳಿದಳು. ಆಪರೇಷನ್ ಆದಾಗಿನಿಂದ ಮಗಳು ಇಂಚರಾಳಿಗೆ ಅವಳು ಹೊರಗಿನ ತಿಂಡಿ ಬಂದ್ ಮಾಡಿದ್ದಳು. ಗೆಳತಿಯರನ್ನು ಹೊಸಿಲಾಚೆಯೇ ನಿಲ್ಲಿಸಿದ್ದಳು. ಅಜ್ಜಿಗೂ ಮುದ್ದಿಡಲು ಬಿಟ್ಟಿರಲಿಲ್ಲ. ಶ್ರಾವಣದಲ್ಲಿ ಒಂದೇ ಒಂದು ಸಲ ಮನಸ್ಸು ಕರಗಿ, ಗಾಡಿಯ ಗಿರ್ಮಿಟ್ ಕೊಡಿಸಿದ್ದಳು. ಶ್ವಾಸಕೋಶದಲ್ಲಿ ಹೊಸ ಗಡ್ಡೆ ಕಾಣಿಸಿಕೊಂಡ ಮೇಲೆ ಆ ಗಿರ್ಮಿಟ್ ಅವಳ ಎದೆಯಲ್ಲೇ ಕೂತಿತ್ತು.

ಲ್ಯಾಬಿನ ಹುಡುಗಿ ಪರದೆ ನೋಡಿದಳು. “ಇಲ್ರಿ ಅಕ್ಕಾರ, ಇದು ಎರಡು ವರ್ಷದ ಹಿಂದನ ಹೊಂಟೈತಿ, ಆಪರೇಷನ್‌ಗಿಂತ ಮೊದ್ಲ. ನಿಮ್ಮಿಂದ ಏನೂ ಆಗಿಲ್ರಿ.”

ಜಯಶೀಲೆಗೆ ಹೋದ ಉಸಿರು ಬಂದಂತಾಯಿತು. ಹಾಗಾದರೆ ಈ ಎರಡು ವರ್ಷ ಮಗುವಿನಿಂದ ಕಸಿದುಕೊಂಡದ್ದೆಲ್ಲ ಯಾತಕ್ಕೆ ಎಂಬುದು ಮರುಗಳಿಗೆಗೇ ಹೊಳೆಯಿತು.

ಗೇಟಿನ ಹೊರಗೆ ಗಿರ್ಮಿಟ್ ಗಾಡಿ ನಿಂತಿತ್ತು. ಮಗಳ ಕೈ ಹಿಡಿದು ಅವಳು ನೇರ ಅತ್ತಲೇ ನಡೆದಳು. ಇಂಚರಾ ಥಟ್ಟನೆ ಕಣ್ಣು ಮುಚ್ಚಿಕೊಂಡಳು.

“ನಾ ಆ ಕಡೆ ನೋಡೇ ಇಲ್ಲವ್ವಾ,” ಎಂದಳು, “ಖರೇನ.”